ಅಲುಗಾಟ ಎಷ್ಟು ಹೇಳುತ್ತದೆ?

ಹಲಸಿನಕಾಯಿಯನ್ನು ತಟ್ಟಿ ನೋಡದೆ ಕೊಯ್ಯುವವರು ನಮ್ಮ ಮೂಡಿಗೆರೆ ಕಡೆ ಕಡಿಮೆ. ಬೆರಳಿನ ಗೆಣ್ಣಿನಿಂದ ಎರಡು ಸಲ ಕುಟ್ಟುತ್ತಾರೆ. ಎಳಸು ಕಾಯಿಯ ಸದ್ದು ಬಿಗಿ. ಹಣ್ಣಿಗೆ ತಿರುಗಿದ್ದು ಬೊದ್ ಬೊದ್ ಎನ್ನುತ್ತದೆ. ಜನವರಿಯಲ್ಲಿ ಕಾಫಿ ಕಣಕ್ಕೆ ಹೋದರೆ ಇದೇ ವಿದ್ಯೆಯ ಇನ್ನೊಂದು ರೂಪ ಕಾಣುತ್ತದೆ. ಮೇಸ್ತ್ರಿ ಹರವಿದ ಚೆರಿಯಿಂದ ಒಂದು ಹಿಡಿ ತೆಗೆದು ಕಿವಿಯ ಹತ್ತಿರ ಕುಲುಕುತ್ತಾನೆ. ಒಣಗಿದ್ದರೆ ಒಳಗಿನ ಬೀಜ ಸಿಪ್ಪೆಯಿಂದ ಬಿಟ್ಟುಕೊಂಡು ಗಲಗಲ ಅನ್ನುತ್ತದೆ. ಇನ್ನೂ ಹಸಿ ಇದ್ದರೆ ಸದ್ದಿಲ್ಲ. ತೇವಾಂಶ ಶೇಕಡ ಹತ್ತು ಹನ್ನೊಂದಕ್ಕೆ ಇಳಿಯಿತೇ ಎಂದು ಹೇಳುವ ಮೀಟರು ರೈಟರ ಮೇಜಿನ ಮೇಲೆಯೇ ಇರುತ್ತದೆ. ಆದರೂ ಮೊದಲು ಕುಲುಕುತ್ತಾರೆ, ಆಮೇಲೆ ಮೀಟರಿಗೆ ಹಾಕುತ್ತಾರೆ.

ಒಂದು ವಸ್ತುವನ್ನು ಸ್ವಲ್ಪ ಅಲುಗಿಸಿ, ಅದು ಅಲುಗುವ ಬಗೆಯಿಂದ ಒಳಗಿನ ಸ್ಥಿತಿಯನ್ನು ತಿಳಿಯುವ ಈ ಕೆಲಸವನ್ನು ಕ್ಯಾಮೆರಾ ಕೈಲಿ ಮಾಡಿಸಬಹುದೇ? ಮಾಡಿಸಿದ್ದಾರೆ. ಅಮೆರಿಕದ ಎಂಐಟಿಯಲ್ಲಿ ಏಬ್ ಡೇವಿಸ್, ಕೇಟಿ ಬೌಮನ್, ಜಸ್ಟಿನ್ ಚೆನ್, ಮೈಕೆಲ್ ರೂಬಿನ್‌ಸ್ಟೈನ್, ಫ್ರೆಡೊ ಡ್ಯುರಾಂಡ್, ವಿಲಿಯಂ ಫ್ರೀಮನ್ ಎಂಬ ಆರು ಮಂದಿ 2015ರಲ್ಲಿ ಇದನ್ನು ಒಂದು ಪ್ರಬಂಧದಲ್ಲಿ ತೋರಿಸಿದರು. ಇವರಲ್ಲಿ ಕೇಟಿ ಬೌಮನ್ ಹೆಸರು ಕೆಲವರಿಗೆ ನೆನಪಿರಬಹುದು. 2019ರಲ್ಲಿ ಕಪ್ಪುಕುಳಿಯ ಮೊದಲ ಚಿತ್ರ ಹೊರಬಂದಾಗ ಪತ್ರಿಕೆಗಳಲ್ಲೆಲ್ಲ ಕಾಣಿಸಿಕೊಂಡವರು ಇವರೇ. ಕಪ್ಪುಕುಳಿಗೆ ಹೋಗುವ ಮುಂಚೆ ಅವರು ನೇತು ಹಾಕಿದ ಬಟ್ಟೆಗಳ ವಿಡಿಯೊ ಇಟ್ಟುಕೊಂಡು ಕೂತಿದ್ದರು.

ವಿಡಿಯೊ ನೋಡಿ ವಸ್ತುವಿನ ಗಟ್ಟಿತನ ಹೇಳುತ್ತಾರೆ ಎಂದರೆ ಮಾಟದಂತೆ ಕೇಳಿಸುತ್ತದೆ. ಮಾಟವೇನೂ ಇಲ್ಲ. ಲೆಕ್ಕ ಹೇಗೆ ನಡೆಯುತ್ತದೆ, ಎಲ್ಲಿ ನಿಂತುಹೋಗುತ್ತದೆ ಎಂಬುದನ್ನು ನಮ್ಮ ತೋಟದ ಸಾಮಾನುಗಳಲ್ಲೇ ನೋಡಬಹುದು. ನಿಂತುಹೋಗುವ ಜಾಗದ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ. ಹೊಸ ಯಂತ್ರ ಮಾರಲು ಬರುವವರು ಆ ಭಾಗವನ್ನು ಹೇಳುವುದಿಲ್ಲ.

ಕಳಸದ ಕಡೆಯ ಅಡಿಕೆ ತೋಟಕ್ಕೆ ಹೋಗೋಣ. ಕೊನೆಗಾರರು ಸಿಗದೆ, ಸಿಕ್ಕವರಿಗೂ ವಯಸ್ಸಾಗಿ, ಈಗ ನೆಲದ ಮೇಲೆ ನಿಂತೇ ದೋಟಿಯಿಂದ ಕೊನೆ ಇಳಿಸುವುದು ರೂಢಿಗೆ ಬಂದಿದೆ. ಮೊದಲು ಬಂದ ಅಲ್ಯೂಮಿನಿಯಂ ದೋಟಿ, ಆಮೇಲೆ ಬಂದ ಕಾರ್ಬನ್ ಫೈಬರ್ ದೋಟಿ, ಎರಡನ್ನೂ ಹಿಡಿದವರಿಗೆ ವ್ಯತ್ಯಾಸ ಬಾಯಿಬಿಟ್ಟು ಹೇಳಬೇಕಿಲ್ಲ. ಅಲ್ಯೂಮಿನಿಯಂ ದೋಟಿಯನ್ನು ಪೂರ್ತಿ ಎತ್ತಿದರೆ ತುದಿ ಎತ್ತಲೋ ತೂಗುತ್ತಿರುತ್ತದೆ. ಕತ್ತಿಯನ್ನು ಕೊನೆಯ ಬುಡಕ್ಕೆ ಸಿಕ್ಕಿಸಬೇಕಾದರೆ ತೂಗಾಟ ನಿಲ್ಲುವವರೆಗೆ ಕಾಯಬೇಕು. ಕಾರ್ಬನ್ ಫೈಬರಿನದು ಹಾಗಲ್ಲ. "ಇದರ ತುದಿ ಹೇಳಿದ ಮಾತು ಕೇಳ್ತದೆ ಮಾರಾಯ್ರೆ" ಎಂದು ಒಬ್ಬರು ನನಗೆ ಹೇಳಿದ್ದರು. ಕತ್ತು ನೋವು ಮಾತ್ರ ಎರಡರಲ್ಲೂ ಒಂದೇ ಅಂತೆ.

ತುದಿ ಮಾತು ಕೇಳುವುದಕ್ಕೂ ಕೇಳದಿರುವುದಕ್ಕೂ ಕಾರಣ ಎರಡು. ಒಂದು, ವಸ್ತುವಿನ ಗಡಸುತನ. ಬಗ್ಗಿಸಿದರೆ ಎಷ್ಟು ಬಲವಾಗಿ ವಾಪಸ್ ಸೆಟೆದು ನಿಲ್ಲುತ್ತದೆ ಎಂಬುದು. ಎಂಜಿನಿಯರುಗಳು ಇದನ್ನು ಯಂಗ್ಸ್ ಮಾಡ್ಯುಲಸ್ ಎನ್ನುತ್ತಾರೆ. ಇನ್ನೊಂದು, ಅದರ ಭಾರ. ಗಡಸು ಹೆಚ್ಚಿದ್ದರೆ ಬೇಗ ಬೇಗ ತೂಗುತ್ತದೆ, ಭಾರ ಹೆಚ್ಚಿದ್ದರೆ ನಿಧಾನ. ಒಂದು ಸೆಕೆಂಡಿಗೆ ಎಷ್ಟು ಸಲ ತೂಗುತ್ತದೋ ಅದನ್ನು ಆವರ್ತನ ಎನ್ನುತ್ತೇವೆ. ತಳ್ಳಿ ಕೈಬಿಟ್ಟಾಗ ವಸ್ತು ತನ್ನಷ್ಟಕ್ಕೆ ಹಿಡಿಯುವ ಲಯ ಅದರ ಸಹಜ ಆವರ್ತನ. ತೊಟ್ಟಿಲಿಗೆ ಒಂದು ಲಯ, ಗಡಿಯಾರದ ಲೋಲಕಕ್ಕೆ ಒಂದು ಲಯ ಇರುವ ಹಾಗೆ ದೋಟಿಗೂ ಅದರದ್ದೇ ಒಂದು.

ಉದ್ದದ ಪ್ರಭಾವ ಇವೆರಡಕ್ಕಿಂತ ಕಟುವಾದದ್ದು. ಒಂದು ತುದಿ ಬಿಗಿದ ಸರಳಿನ ಉದ್ದವನ್ನು ಇಮ್ಮಡಿ ಮಾಡಿದರೆ ತೂಗುವ ವೇಗ ಅರ್ಧಕ್ಕಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ದೋಟಿಯ ಕೊನೆಯ ಎರಡು ಪೈಪು ಎಳೆದ ಕೂಡಲೇ ಇದ್ದಕ್ಕಿದ್ದಂತೆ ಹಿಡಿತ ತಪ್ಪಿದ ಹಾಗಾಗುವುದು ಇದರಿಂದಲೇ. ಗಡಸುತನ ಮತ್ತು ಭಾರದ ಪಾತ್ರ ಅಷ್ಟು ಬಿರುಸಿನದಲ್ಲ. ಗಡಸನ್ನು ಸಾಂದ್ರತೆಯಿಂದ ಭಾಗಿಸಿ ವರ್ಗಮೂಲ ತೆಗೆದರೆ ಬರುವ ಸಂಖ್ಯೆಯ ಪ್ರಮಾಣದಲ್ಲಿ ಅದು ಬದಲಾಗುತ್ತದೆ. ಕಾರ್ಬನ್ ಫೈಬರು ಅಲ್ಯೂಮಿನಿಯಂಗಿಂತ ಹಗುರ, ಎಳೆಗಳ ಉದ್ದಕ್ಕೆ ಅದಕ್ಕಿಂತ ಗಡಸು. ಭಾಗಾಕಾರ ಎರಡೂ ಕಡೆಯಿಂದ ಅದಕ್ಕೆ ಅನುಕೂಲ. (ಹೇಳಬೇಕಾದ ಒಂದು ಮಾತು: ಕಾರ್ಬನ್ ಫೈಬರೂ ವಿದ್ಯುತ್ ಹರಿಸುತ್ತದೆ. ಲೋಹ ಅಲ್ಲವಲ್ಲ ಎಂದು ಕರೆಂಟಿನ ತಂತಿಯ ಹತ್ತಿರ ಧೈರ್ಯ ಮಾಡಬೇಡಿ.)

ಹಾಗಾದರೆ ದೋಟಿಯನ್ನು ಮುಟ್ಟದೆ, ಅದರ ತೂಗಾಟದ ವಿಡಿಯೊ ಒಂದನ್ನೇ ನೋಡಿ ಅದು ಯಾವ ವಸ್ತು ಎಂದು ಹೇಳಬಹುದಲ್ಲವೇ? ಉದ್ದ ಗೊತ್ತು, ದಪ್ಪ ಗೊತ್ತು, ಎಷ್ಟು ಸಲ ತೂಗಿತು ಎಂದು ಎಣಿಸಿದೆವು, ಸೂತ್ರಕ್ಕೆ ಹಾಕಿದೆವು, ಉತ್ತರ ಬಂತು.

ಇಲ್ಲೊಂದು ತಮಾಷೆ ಇದೆ. ಒಂದೇ ಅಳತೆಯ ಎರಡು ಸರಳು ತೆಗೆದುಕೊಳ್ಳಿ, ಒಂದು ಉಕ್ಕಿನದು, ಒಂದು ಅಲ್ಯೂಮಿನಿಯಂದು. ಉಕ್ಕಿನ ಗಡಸು ಸುಮಾರು 200 ಗಿಗಾಪಾಸ್ಕಲ್, ಸಾಂದ್ರತೆ ಘನ ಮೀಟರಿಗೆ 7,850 ಕಿಲೋ. ಅಲ್ಯೂಮಿನಿಯಂ ಗಡಸಿನಲ್ಲಿ ಸುಮಾರು 69, ಸಾಂದ್ರತೆಯಲ್ಲಿ 2,700. ಉಕ್ಕು ಮೂರು ಪಟ್ಟು ಗಡಸು, ಹಾಗೆಯೇ ಮೂರು ಪಟ್ಟು ಭಾರ. ಭಾಗಿಸಿ ವರ್ಗಮೂಲ ತೆಗೆದರೆ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಸಂಖ್ಯೆ, 5,050ರ ಆಸುಪಾಸು. ಅಂದರೆ ಎರಡೂ ಸರಳು ಒಂದೇ ಲಯದಲ್ಲಿ ತೂಗುತ್ತವೆ. ಕಪ್ಪುಬಿಳುಪಿನ ವಿಡಿಯೊದಲ್ಲಿ ತೋರಿಸಿದರೆ ಯಾವುದು ಯಾವುದೆಂದು ಜಗತ್ತಿನ ಯಾವ ಕಂಪ್ಯೂಟರೂ ಆ ಲಯ ಒಂದರಿಂದಲೇ ಹೇಳಲಾರದು. ಹಿತ್ತಾಳೆಯಾದರೆ ಗುರುತು ಸಿಗುತ್ತದೆ. ಉಕ್ಕು ಹತ್ತು ಸಲ ತೂಗುವಷ್ಟರಲ್ಲಿ ಹಿತ್ತಾಳೆ ಸುಮಾರು ಏಳು ಸಲ ತೂಗುತ್ತದೆ.

ಈ ಇಡೀ ವಿಷಯದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಇದು. ಅಲುಗಾಟ ಕೊಡುವುದು ಅನುಪಾತವನ್ನು. ಗಡಸು ಎಷ್ಟೆಂದು ಬೇಕಾದರೆ ಭಾರ ಗೊತ್ತಿರಬೇಕು, ಭಾರ ಬೇಕಾದರೆ ಗಡಸು ಗೊತ್ತಿರಬೇಕು. ಎಂಐಟಿಯವರು ಸ್ಪೀಕರಿನ ಪಕ್ಕದಲ್ಲಿ ಉಕ್ಕು, ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆಯ ಸರಳುಗಳನ್ನು ಬಿಗಿದು ಚಿತ್ರಿಸಿ ಗಡಸು ಲೆಕ್ಕ ಹಾಕಿದಾಗ ಉದ್ದ, ದಪ್ಪ, ಸಾಂದ್ರತೆಗಳು ಅವರ ಕೈಯಲ್ಲಿದ್ದವು. ಸಾಂದ್ರತೆ ಗೊತ್ತಿಲ್ಲದಿದ್ದರೂ ದಾರಿ ಇದೆ. ಸರಳಿನ ತುದಿಗೆ ಗೊತ್ತಿರುವ ತೂಕದ ಒಂದು ಬೊಟ್ಟನ್ನು ಕಟ್ಟಿ ಮತ್ತೆ ತೂಗಿಸಿದರೆ, ಹಗುರವಾದ ಸರಳಿನ ಲಯ ಹೆಚ್ಚು ಕುಸಿಯುತ್ತದೆ, ಭಾರದ್ದು ಅಷ್ಟು ಕುಸಿಯುವುದಿಲ್ಲ. ಅಲ್ಲಿಗೆ ಉಕ್ಕು ಅಲ್ಯೂಮಿನಿಯಂ ಬೇರೆ ಬೇರೆಯಾದವು. ಹೇಗೇ ಮಾಡಿದರೂ ಗೊತ್ತಿರುವುದೊಂದನ್ನು ಒಳಗೆ ಹಾಕದೆ ಗೊತ್ತಿಲ್ಲದ್ದು ಹೊರಗೆ ಬರುವುದಿಲ್ಲ.

ಬಟ್ಟೆಗಳ ಪ್ರಯೋಗದಲ್ಲಿ ಅವರು ಇನ್ನೂ ಬೇರೆ ದಾರಿ ಹಿಡಿದರು. ಮೂವತ್ತು ಬಗೆಯ ಬಟ್ಟೆಗಳನ್ನು ನೇತು ಹಾಕಿದರು. ಕೋಣೆಯ ಗಾಳಿಯಲ್ಲೇ ಆಗುವ, ಕಣ್ಣಿಗೆ ಕಾಣದಷ್ಟು ಸಣ್ಣ ಅಲುಗಾಟವನ್ನು ಒಮ್ಮೆ, ಸ್ಪೀಕರಿನ ಸದ್ದಿನಿಂದ ಆದದ್ದನ್ನು ಇನ್ನೊಮ್ಮೆ ಹಿಡಿದರು. ಬಟ್ಟೆ ಸರಳಿನಂತಲ್ಲ. ಅದರ ನೆರಿಗೆಗೆ, ಮಡಿಕೆಗೆ, ಅಂಚಿಗೆ ಸೂತ್ರ ಬರೆಯುತ್ತ ಕೂತರೆ ಮುಗಿಯುವುದಿಲ್ಲ. ಹಾಗಾಗಿ ಪ್ರತಿ ಬಟ್ಟೆಯ ತೂಕವನ್ನೂ ಬಿಗುವನ್ನೂ ಮೊದಲೇ ಅಳೆದಿಟ್ಟು, ಇಂಥ ಬಟ್ಟೆ ಇಂಥ ಲಯಗಳಲ್ಲಿ ಅಲುಗುತ್ತದೆ ಎಂದು ಕಂಪ್ಯೂಟರಿಗೆ ಕಲಿಸಿದರು. ಆಮೇಲೆ ಕಲಿಸದ ಬಟ್ಟೆಯನ್ನು ತೋರಿಸಿ ಕೇಳಿದರೆ ಅದರ ತೂಕ, ಬಿಗುವು ಹತ್ತಿರ ಹತ್ತಿರ ಬಂತು. ಜುಲೈ ತಿಂಗಳಲ್ಲಿ ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುವ ನಮ್ಮ ಮನೆಯ ಹೆಂಗಸರು ಬಾಗಿಲಲ್ಲಿ ನಿಂತೇ "ಟವೆಲ್ ಒಣಗಿದೆ, ಕಂಬಳಿ ಇನ್ನೂ ಇಲ್ಲ" ಎನ್ನುತ್ತಾರಲ್ಲ, ಅದಕ್ಕೂ ಇದಕ್ಕೂ ಜಾತಿ ಒಂದೇ. ಅವರ ಕಲಿಕೆಗೆ ಮೂವತ್ತು ಬಟ್ಟೆಯಲ್ಲ, ಮೂವತ್ತು ಮಳೆಗಾಲ ಹಿಡಿದಿದೆ.

ಮೇಸ್ತ್ರಿ ಕುಲುಕುವ ಚೆರಿಗೂ ಇದೇ ಮಾತು. ಒಂದು ಕಾಯಿಯ ಗಲಗಲ ಸದ್ದಿನಲ್ಲಿ ತೇವಾಂಶದ ಸಂಖ್ಯೆ ಬರೆದಿಲ್ಲ. ಇದೇ ತಳಿ, ಇದೇ ಕಣ, ಇದೇ ಬಿಸಿಲು ಎಂಬ ಗೊತ್ತಿರುವ ಸಂಗತಿಗಳು ಅವನ ತಲೆಯಲ್ಲಿವೆ. ರೊಬಸ್ಟಾ ಕುಲುಕಿ ಪಳಗಿದವನಿಗೆ ಅರೇಬಿಕಾ ಕೊಟ್ಟು ನೋಡಿ, ಎರಡು ದಿನ ತಡವರಿಸುತ್ತಾನೆ.

ಅಲುಗಾಟವನ್ನು ಕಣ್ಣಿಗೆ ಕಾಣುವಂತೆ ಮಾಡುವುದು ಕರ್ನಾಟಕಕ್ಕೆ ಹೊಸದೂ ಅಲ್ಲ. ಸಿ. ವಿ. ರಾಮನ್ ಎಂದರೆ ನಮಗೆ ಬೆಳಕು ನೆನಪಾಗುತ್ತದೆ. ಅವರು ವರ್ಷಗಟ್ಟಲೆ ವೀಣೆ, ಪಿಟೀಲು, ಮೃದಂಗಗಳ ಸದ್ದಿನ ಹಿಂದೆಯೂ ಬಿದ್ದಿದ್ದರು. ಶಿವಕಾಲಿ ಕುಮಾರ್ ಜೊತೆ ಸೇರಿ ಮೃದಂಗ ತಬಲಗಳ ಬಗ್ಗೆ 1920ರಲ್ಲಿ 'ನೇಚರ್' ಪತ್ರಿಕೆಗೆ ಬರೆದರು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದ ಮೇಲೆ, ಮರುವರ್ಷ ತಾವೇ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಅದೇ ವಿಷಯವನ್ನು ವಿಸ್ತಾರವಾಗಿ ಇಟ್ಟರು. ಮೃದಂಗದ ಬಲಮುಖದ ಮೇಲೆ ಸಣ್ಣ ಮರಳನ್ನು ಉದುರಿಸಿ ಬಾರಿಸಿದರೆ, ಚರ್ಮ ಅಲುಗುವ ಕಡೆಯಿಂದ ಮರಳು ಚಿಮ್ಮಿ, ಅಲುಗದ ಗೆರೆಗಳ ಮೇಲೆ ಸಾಲುಗಟ್ಟುತ್ತದೆ. ಆ ಸಾಲುಗಳ ಫೋಟೊ ತೆಗೆದರು. ವಿಡಿಯೊ ಇಲ್ಲದ ಕಾಲದಲ್ಲಿ ಮರಳೇ ಪಿಕ್ಸೆಲ್.

ಅವರು ಕಂಡುಕೊಂಡದ್ದೂ ಭಾರದ ಕತೆಯೇ. ಬರಿ ಚರ್ಮ ಬಿಗಿದ ತಮಟೆಯಂಥ ವಾದ್ಯದಲ್ಲಿ ಮೂಲ ಸ್ವರದ ಮೇಲಿನ ಸ್ವರಗಳು 1.59, 2.14, 2.30 ಹೀಗೆ ಅಡ್ಡಾದಿಡ್ಡಿ ಅನುಪಾತದಲ್ಲಿರುತ್ತವೆ. ಕಿವಿಗೆ ಅದು ಬಡಿತ, ಶ್ರುತಿ ಅಲ್ಲ. ಮೃದಂಗದ ನಡುವೆ ಮೆತ್ತುವ ಕಪ್ಪು ಕರಣೆ ಚರ್ಮದ ಭಾರವನ್ನು ನಡುವಿನಲ್ಲಿ ಹೆಚ್ಚಿಸಿ ಆ ಅನುಪಾತಗಳನ್ನು ಎಳೆದು ತಂದು 2, 3, 4, 5ರ ಹತ್ತಿರ ಕೂರಿಸುತ್ತದೆ. ಮೃದಂಗ ಮಾಡುವವರು ಕರಣೆಯನ್ನು ಪದರ ಪದರವಾಗಿ ಹಾಕಿ, ಉಜ್ಜಿ, ತಟ್ಟಿ, ಕೇಳಿ, ಮತ್ತೆ ಹಾಕುವುದನ್ನು ನೋಡಿದರೆ, ಎಂಐಟಿಯ ಪ್ರಯೋಗ ತಲೆಕೆಳಗಾಗಿ ನಡೆಯುತ್ತಿದೆ ಅನಿಸುತ್ತದೆ. ಅಲ್ಲಿ ಸ್ವರದಿಂದ ಭಾರಕ್ಕೆ ಹೋಗುತ್ತಾರೆ, ಇಲ್ಲಿ ಬೇಕಾದ ಸ್ವರ ಬರುವವರೆಗೆ ಭಾರ ಹಾಕುತ್ತಾರೆ.

ಗಣಿತಜ್ಞರಿಗೂ ಈ ಪ್ರಶ್ನೆ ಕಾಡಿತು. ಒಂದು ಡೋಲಿನ ಎಲ್ಲ ಸ್ವರಗಳೂ ಒಂದೂ ಬಿಡದೆ ಗೊತ್ತಿದ್ದರೆ ಅದರ ಆಕಾರವನ್ನು ಹೇಳಬಹುದೇ ಎಂದು ಮಾರ್ಕ್ ಕ್ಯಾಕ್ 1966ರಲ್ಲಿ ಕೇಳಿದರು. ಇಪ್ಪತ್ತಾರು ವರ್ಷ ಉತ್ತರ ಸಿಗಲಿಲ್ಲ. 1992ರಲ್ಲಿ ಗಾರ್ಡನ್, ವೆಬ್, ವೋಲ್ಪರ್ಟ್ ಎಂಬ ಮೂವರು ಎರಡು ಬೇರೆ ಬೇರೆ ಆಕಾರದ ಡೋಲುಗಳನ್ನು ಕಾಗದದ ಮೇಲೆ ಬರೆದು ತೋರಿಸಿದರು. ಎರಡರದ್ದೂ ಸ್ವರಗಳು ಪೂರಾ ಒಂದೇ. ಉಕ್ಕು ಅಲ್ಯೂಮಿನಿಯಂ ಸರಳುಗಳ ತಮಾಷೆಯ ದೊಡ್ಡಣ್ಣ ಇದು.

ಇನ್ನು ಕ್ಯಾಮೆರಾ ಇಷ್ಟು ಸಣ್ಣ ಅಲುಗಾಟವನ್ನು ಹಿಡಿಯುವುದು ಹೇಗೆ ಎಂಬ ಪ್ರಶ್ನೆ ಉಳಿಯಿತು. ವಿಡಿಯೊ ಎಂದರೆ ಸಣ್ಣ ಸಣ್ಣ ಚೌಕಗಳು. ಬಟ್ಟೆ ಅಲುಗುವುದು ಒಂದು ಚೌಕದ ನೂರರಲ್ಲೊಂದು ಪಾಲಿನಷ್ಟಿರಬಹುದು. ಇದೇ ತಂಡದವರು 2014ರಲ್ಲಿ ಚಿಪ್ಸ್ ಪೊಟ್ಟಣವೊಂದನ್ನು ಸದ್ದು ದಾಟದ ಗಾಜಿನ ಆಚೆಯಿಂದ, ಹದಿನೈದು ಅಡಿ ದೂರದಲ್ಲಿ ಚಿತ್ರಿಸಿ, ಅದರ ಅಲುಗಾಟದಿಂದಲೇ ಕೋಣೆಯೊಳಗಿನ ಮಾತನ್ನು ಹೊರತೆಗೆದಿದ್ದರು. ಆ ಪ್ರಯೋಗಗಳಲ್ಲಿ ಹಿಡಿದ ಅಲುಗಾಟ ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲು, ಚಿತ್ರದಲ್ಲಿ ಒಂದು ಚೌಕದ ಸಾವಿರದಲ್ಲಿ ಐದು ಪಾಲು.

ಇದನ್ನು ಅರ್ಥ ಮಾಡಿಕೊಳ್ಳಲು ಎಸ್ಟೇಟಿನ ಮಳೆಮಾಪಕ ಸಾಕು. ನಮ್ಮಲ್ಲಿ ಇಂದಿಗೂ ಮಳೆಯ ಲೆಕ್ಕ ಇಂಚು, ಸೆಂಟಿನಲ್ಲೇ. ಬೆಳಿಗ್ಗೆ ಫೋನ್ ಮಾಡಿದರೆ ಯೋಗಕ್ಷೇಮಕ್ಕಿಂತ ಮೊದಲು "ನಿಮ್ಮಲ್ಲಿ ಎಷ್ಟು ಸೆಂಟು?" ಎಂದೇ ಕೇಳುವುದು. ಒಂದು ಸೆಂಟು ಎಂದರೆ ಇಂಚಿನ ನೂರರಲ್ಲೊಂದು ಭಾಗ, ಕಾಲು ಮಿಲಿಮೀಟರು. ನೆಲದ ಮೇಲೆ ಅಷ್ಟು ತೆಳು ನೀರನ್ನು ಯಾವ ಸ್ಕೇಲಿಟ್ಟೂ ಅಳೆಯಲಾಗದು. ಆದರೆ ಅಗಲ ಬಾಯಿಯ ಫನೆಲ್ ಮೇಲೆ ಬಿದ್ದ ನೀರನ್ನು ಕಿರಿದಾದ ಗಾಜಿನ ಜಾಡಿಗೆ ಸುರಿದರೆ ಮಟ್ಟ ಮೇಲೇರುತ್ತದೆ, ಗೆರೆ ಓದಬಹುದು. ವಿಡಿಯೊದಲ್ಲೂ ಹೀಗೆಯೇ. ಕಪ್ಪು ಕಾಂಡದ ಅಂಚು ಒಂದು ಚೌಕವನ್ನು ಅರ್ಧ ಮುಚ್ಚಿದೆ ಎನ್ನಿ. ಅಂಚು ಕೂದಲೆಳೆಯಷ್ಟು ಸರಿದರೆ ಚೌಕದ ಹೊಳಪು ಚೂರು ಬದಲಾಗುತ್ತದೆ. ಒಂದು ಚೌಕವನ್ನು ಮಾತ್ರ ನಂಬಿದರೆ ಕ್ಯಾಮೆರಾದ ಗದ್ದಲದಲ್ಲಿ ಅದು ಮುಳುಗಿಹೋಗುತ್ತದೆ. ಅಂಚಿನುದ್ದಕ್ಕೂ ಇರುವ ಸಾವಿರಾರು ಚೌಕಗಳು ಒಟ್ಟಿಗೆ ಅದೇ ಬದಲಾವಣೆ ತೋರಿಸುತ್ತಿದ್ದರೆ, ಅವನ್ನೆಲ್ಲ ಒಂದೇ ಜಾಡಿಗೆ ಸುರಿದಾಗ ಗದ್ದಲ ಒಂದನ್ನೊಂದು ಕಳೆದುಕೊಂಡು ಸರಿದಾಟ ಉಳಿಯುತ್ತದೆ. ಎಷ್ಟೋ ಸೆಕೆಂಡುಗಳ ಫ್ರೇಮುಗಳನ್ನು ಹೀಗೆ ಕೂಡಿಸಿ, ಯಾವ ಯಾವ ಲಯ ಎಷ್ಟು ಬಲವಾಗಿದೆ ಎಂದು ಬಿಡಿಸಿದರೆ ವಸ್ತುವಿನ ಸಹಜ ಆವರ್ತನಗಳು ತಲೆಯೆತ್ತುತ್ತವೆ.

ಇಲ್ಲಿ ಫೋನುಗಳು ಒಂದು ಉಪದ್ರವ ಮಾಡುತ್ತವೆ. ವಿಡಿಯೊವನ್ನು ಚಿಕ್ಕದು ಮಾಡಿ ಉಳಿಸುವಾಗ, ಮನುಷ್ಯರ ಕಣ್ಣಿಗೆ ಕಾಣದ ಬದಲಾವಣೆಗಳನ್ನು ಅವು ಬಿಸಾಡುತ್ತವೆ. ನಮಗೆ ಬೇಕಾದದ್ದು ಅದೇ. ವಾಟ್ಸ್ಆ್ಯಪ್‌ನಲ್ಲಿ ಮೂರು ಕೈ ದಾಟಿ ಬಂದ ವಿಡಿಯೊದಿಂದ ಇಂಥ ಲೆಕ್ಕ ಮಾಡುತ್ತೇವೆ ಎನ್ನುವವರಿಂದ ದೂರ ಇರುವುದು ಒಳ್ಳೆಯದು. ಇನ್ನೊಂದು ಮಿತಿ ಎಣಿಕೆಯದು. ಸೆಕೆಂಡಿಗೆ 30 ಚಿತ್ರ ತೆಗೆಯುವ ಕ್ಯಾಮೆರಾ ಸೆಕೆಂಡಿಗೆ 15 ಸಲಕ್ಕಿಂತ ಜೋರಾಗಿ ಅಲುಗುವುದನ್ನು ಸರಿಯಾಗಿ ಎಣಿಸಲಾರದು. ಜೋರಾಗಿ ತಿರುಗುವ ಫ್ಯಾನು ವಿಡಿಯೊದಲ್ಲಿ ಹಿಂದಕ್ಕೆ ತಿರುಗಿದಂತೆ ಕಾಣುವುದು ಈ ತಪ್ಪೆಣಿಕೆಯಿಂದಲೇ. ಲೋಹದ ಸರಳಿಗೆ, ಚಿಪ್ಸ್ ಪೊಟ್ಟಣಕ್ಕೆ ಸಾವಿರಗಟ್ಟಲೆ ಚಿತ್ರ ತೆಗೆಯುವ ದುಬಾರಿ ಕ್ಯಾಮೆರಾ ಬೇಕಾದದ್ದು ಅದಕ್ಕೆ.

ಕಾಫಿಗೆ ಇದೆಲ್ಲ ಸಂಬಂಧಪಟ್ಟದ್ದೇ ಎಂದು ಕೇಳಿದರೆ, ನೇರವಾಗಿ ಸಂಬಂಧಪಟ್ಟ ಕೆಲಸ ಬ್ರೆಜಿಲ್‌ನಲ್ಲಿ ನಡೆದಿದೆ. ಅಲ್ಲಿ ಗಿಡವನ್ನು ನಡುಗಿಸಿ ಹಣ್ಣು ಉದುರಿಸುವ ಯಂತ್ರಗಳದ್ದೇ ರಾಜ್ಯ. ಹಣ್ಣೊಂದೇ ಉದುರಬೇಕು, ಹಸಿರುಕಾಯಿ ಉಳಿಯಬೇಕು. ಹಾಗಾದರೆ ಎಷ್ಟು ವೇಗದಲ್ಲಿ ನಡುಗಿಸಬೇಕು? ಅಲ್ಲಿನ ಸಂಶೋಧಕರು ಕಾಯಿ ಮತ್ತು ತೊಟ್ಟನ್ನು ಒಂದು ಪುಟ್ಟ ಲೋಲಕವೆಂದು ಎಣಿಸಿ, ಅತಿವೇಗದ ಕ್ಯಾಮೆರಾದಲ್ಲಿ ಅದರ ಅಲುಗಾಟವನ್ನು ಚಿತ್ರಿಸಿ, ಸಹಜ ಆವರ್ತನವನ್ನು ಲೆಕ್ಕ ಹಾಕಿದ್ದಾರೆ. ಕಾಯಿ ಹಣ್ಣಾಗುತ್ತ ಹೋದಂತೆ ಆವರ್ತನ ಇಳಿಯುತ್ತದೆ. ಹಲಸಿನ ಸದ್ದು ಬಿಗಿಯಿಂದ ಬೊದ್ ಎನ್ನುವುದಕ್ಕೆ ಇಳಿಯುವುದರ ಕಾಫಿ ಅವತಾರ ಇದು. ಹಣ್ಣಿನ ಭಾರ ಹೆಚ್ಚಿ, ತೊಟ್ಟಿನ ಬಿಗಿ ಸಡಿಲುತ್ತದೆ.

ಇಲ್ಲಿ ಅದೇ ಯಂತ್ರ ತಂದುಬಿಡೋಣ ಎಂದು ಹೊರಟರೆ ಎರಡು ಅಡ್ಡಿ. ಬ್ರೆಜಿಲ್‌ನಲ್ಲಿ ಬಯಲಿನಂಥ ನೆಲ, ಬಿಸಿಲಿನಲ್ಲಿ ಸಾಲು ಹಿಡಿದು ನಿಂತ ಗಿಡ. ನಮ್ಮದು ಇಳಿಜಾರು, ಮೇಲೆ ಸಿಲ್ವರ್ ಓಕು, ಕಾಡುಮರ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಹೂಮಳೆ ಎರಡು ಮೂರು ಕಂತಿನಲ್ಲಿ ಬಿದ್ದ ವರ್ಷ ಒಂದೇ ಗಂಟಿನಲ್ಲಿ ಹಣ್ಣು, ದೋರೆ, ಹಸಿರುಕಾಯಿ ಅಕ್ಕಪಕ್ಕ ಕೂತಿರುತ್ತವೆ. ಅವುಗಳ ಆವರ್ತನದ ಅಂತರ ಎಷ್ಟೇ ಇದ್ದರೂ, ರೆಂಬೆ ಒಂದೇ ಆದ್ದರಿಂದ ನಡುಕ ಎಲ್ಲಕ್ಕೂ ತಗಲುತ್ತದೆ. ಕೈಯಲ್ಲಿ ಹಿಡಿಯುವ ಪುಟ್ಟ ಯಂತ್ರಗಳ ಭವಿಷ್ಯ ಏನೇ ಇರಲಿ, ಮೊದಲ ಕೊಯ್ಲಿನಲ್ಲಿ ಹಣ್ಣನ್ನೇ ಆರಿಸಿ ಕೀಳುವ ಕೈಗೆ ಸದ್ಯ ಬದಲಿ ಇಲ್ಲವೆಂದೇ ನನ್ನ ಎಣಿಕೆ.

ನಮ್ಮ ಗುಡ್ಡಗಳಿಗೆ ಈ ವಿದ್ಯೆ ಒದಗಬಹುದಾದದ್ದು ಬೇರೆ ಕಡೆ. ಮರ, ಕಂಬ, ಸೇತುವೆ. ದೊಡ್ಡ ಮರ ಒಂದು ಸಲ ಆಚೀಚೆ ತೂಗಲು ಕೆಲವು ಸೆಕೆಂಡು ತೆಗೆದುಕೊಳ್ಳುತ್ತದೆ. ಅಷ್ಟು ನಿಧಾನದ್ದನ್ನು ಎಣಿಸಲು ಸಾದಾ ಫೋನು ಧಾರಾಳ ಸಾಕು. ಮರದ ತೂಗಾಟದ ಲಯ ಅದರ ದಪ್ಪಕ್ಕೂ ಎತ್ತರಕ್ಕೂ ಅಂಟಿಕೊಂಡಿದೆ. ಎತ್ತರದ ವರ್ಗಕ್ಕೆ ತಕ್ಕಂತೆ ನಿಧಾನವಾಗುತ್ತದೆ, ದೋಟಿಯ ಹಾಗೆಯೇ. ಬೇರು ಸಡಿಲಾದರೆ, ಬುಡ ಕೊಳೆತರೆ ಬಿಗಿ ಕಡಿಮೆಯಾಗಿ ಲಯ ಇನ್ನಷ್ಟು ಎಳೆಯುತ್ತದೆ. ರಸ್ತೆ ಬದಿಯ, ಲೈನ್ ಮನೆಗಳ ಪಕ್ಕದ ಸಿಲ್ವರ್ ಓಕನ್ನು ಪ್ರತಿವರ್ಷ ಮಳೆಗೆ ಮುಂಚೆ ಒಂದೇ ಜಾಗದಿಂದ ಚಿತ್ರಿಸಿಟ್ಟರೆ, ಹೋದ ವರ್ಷಕ್ಕಿಂತ ಈ ವರ್ಷ ಸೋಮಾರಿಯಾಗಿ ತೂಗುತ್ತಿರುವ ಮರ ಯಾವುದು ಎಂದಾದರೂ ಗೊತ್ತಾದೀತು.

ಗೊತ್ತಾದೀತು ಅಷ್ಟೇ, ಯಾಕೆ ಎಂಬುದು ತಿಳಿಯದು. ಮರಗಸಿ ಮಾಡಿ ಕೊಂಬೆ ಇಳಿಸಿದರೆ ಭಾರ ಕಡಿಮೆಯಾಗಿ ಮರ ಚುರುಕಾಗಿ ತೂಗುತ್ತದೆ. ಮೆಣಸಿನ ಬಳ್ಳಿ ಬೆಳೆದು ತಲೆಯವರೆಗೆ ಹಬ್ಬಿದರೆ ನಿಧಾನವಾಗುತ್ತದೆ. ಒಂದು ಜಡಿಮಳೆಯ ನೀರನ್ನು ಎಲೆಗಳು ಹೊತ್ತು ನಿಂತಾಗಲೂ ನಿಧಾನವಾಗುತ್ತದೆ. ಬೇರು ಕೊಳೆತು ನಿಧಾನವಾದ ಮರವನ್ನು, ಬಳ್ಳಿ ಚೆನ್ನಾಗಿ ಬಂದು ನಿಧಾನವಾದ ಮರದಿಂದ ಬೇರೆ ಮಾಡಿ ಹೇಳುವುದು ವಿಡಿಯೊದ ಕೆಲಸವಲ್ಲ. ಅನುಪಾತದ ಹಳೆಯ ತೊಡಕೇ ಇಲ್ಲಿ ಮರದ ವೇಷದಲ್ಲಿ ನಿಂತಿದೆ.

ಸೇತುವೆಯ ವಿಷಯದಲ್ಲಿ ಇದು ಇನ್ನೂ ಗಂಭೀರ. ಮಳೆಗಾಲದಲ್ಲಿ ಹಳ್ಳ ದಾಟಲು ಕಾಲುಸಂಕ, ತೂಗುಸೇತುವೆಗಳನ್ನು ನೆಚ್ಚಿಕೊಂಡ ಊರುಗಳು ಮಲೆನಾಡಿನಲ್ಲಿ ಎಷ್ಟೋ ಇವೆ. ಸುಳ್ಯದ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ಹಾಕಿದ್ದು ಅವರ ಮೊದಲ ತೂಗುಸೇತುವೆ. ಆಮೇಲೆ ನೂರಕ್ಕೂ ಹೆಚ್ಚು ಕಟ್ಟಿದರು, 2017ರಲ್ಲಿ ಪದ್ಮಶ್ರೀ ಬಂತು. ಬಿಗಿದ ಹಗ್ಗದ ಲಯದಿಂದ ಅದರ ಎಳೆತ ಎಷ್ಟು ಎಂದು ಲೆಕ್ಕ ಹಾಕುವುದು ಎಂಜಿನಿಯರುಗಳಿಗೆ ಹಳೆಯ ಅಭ್ಯಾಸ. ತಂಬೂರಿಯ ತಂತಿ ಬಿಗಿದಷ್ಟೂ ಸ್ವರ ಏರುವ ಲೆಕ್ಕವೇ ಅದು. ಎಂಐಟಿ ತಂಡದವರು ಪೋರ್ಟ್ಸ್‌ಮತ್ ಎಂಬ ಊರಿನ ಸೇತುವೆಯೊಂದರ ಕಂಪನವನ್ನು ದೂರದಿಂದ ಕ್ಯಾಮೆರಾದಲ್ಲೇ ಅಳೆದೂ ತೋರಿಸಿದ್ದಾರೆ.

ಆದರೆ ಗುಜರಾತಿನ ಮೋರ್ಬಿಯನ್ನು ನೆನೆಸಿಕೊಳ್ಳಿ. 2022ರ ಅಕ್ಟೋಬರ್ 30ರಂದು ತೂಗುಸೇತುವೆ ಹರಿದು 135 ಜನ ಸತ್ತರು. ಹಗ್ಗದ 49 ತಂತಿಗಳಲ್ಲಿ 22 ಮೊದಲೇ ತುಕ್ಕು ಹಿಡಿದಿದ್ದವು ಎಂದು ತನಿಖಾ ತಂಡದ ಪ್ರಾಥಮಿಕ ವರದಿ ಹೇಳಿತು. ಹಗ್ಗದ ಎಳೆತವನ್ನು ತೀರ್ಮಾನಿಸುವುದು ಅದು ಹೊತ್ತ ಭಾರ ಮತ್ತು ಅದರ ಇಳಿಬಾಗು. ಕೆಲವು ತಂತಿ ತುಕ್ಕು ಹಿಡಿದರೂ ಉಳಿದವು ಆ ಭಾರವನ್ನು ಹಂಚಿಕೊಂಡು ಹೊರುತ್ತವೆ, ಒಟ್ಟು ಎಳೆತ ಬದಲಾಗುವುದಿಲ್ಲ, ಲಯವೂ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಸೇತುವೆ ಕೊನೆಯ ದಿನದವರೆಗೂ ಆರೋಗ್ಯವಂತನ ಹಾಗೆ ತೂಗುತ್ತಿರಬಹುದು. ತುಕ್ಕನ್ನು ಕಾಣಬೇಕಾದರೆ ಒಬ್ಬ ಮನುಷ್ಯ ಹೋಗಿ ಹಗ್ಗವನ್ನು ಉಜ್ಜಿ ನೋಡಬೇಕು. ವಿಡಿಯೊ ತಪಾಸಣೆ ಮುಗಿಯಿತು ಎಂದು ಕಡತ ಮುಚ್ಚುವ ಕಾಲ ಬರಬಾರದು ಎಂಬುದಕ್ಕೆ ಇಷ್ಟು ಉದ್ದ ಬರೆದೆ.

ಕಾಫಿಯವರ ಮನಸ್ಸಿನಲ್ಲಿ ಇಷ್ಟು ಹೊತ್ತಿಗೆ ಬೋರರ್ ಬಂದಿರುತ್ತದೆ. ಅರೇಬಿಕಾದ ಕಾಂಡದೊಳಗೆ ಸುರಂಗ ಕೊರೆಯುವ ಬಿಳಿ ಕಾಂಡಕೊರಕ. ಒಳಗೆ ಪೊಳ್ಳಾದ ಕಾಂಡ ಅಲುಗುವ ಬಗೆ ಬೇರೆ ಇರಲೇಬೇಕಲ್ಲ, ತೋಟದಲ್ಲಿ ಕ್ಯಾಮೆರಾ ಹಿಡಿದು ನಡೆದರೆ ಬೋರರ್ ಗಿಡ ಸಿಗಬಾರದೇ? ನನಗೂ ಈ ಆಸೆ ಇತ್ತು. ಲೆಕ್ಕಕ್ಕೆ ಕೂತಾಗ ಆಸೆ ಇಳಿಯಿತು. ಎರಡು ಕಾಫಿ ಗಿಡ ಒಂದೇ ಅಳತೆಯವು ಅಲ್ಲ. ಒಂದರ ಕಾಂಡ ದಪ್ಪ, ಒಂದರದ್ದು ಡೊಂಕು, ಒಂದು ಹೋದ ವರ್ಷ ಕಪಾತಾದದ್ದು, ಇನ್ನೊಂದರ ಮೇಲೆ ಕಾಯಿಯ ಹೊರೆ. ಹುಳ ತಂದ ವ್ಯತ್ಯಾಸ ಈ ವ್ಯತ್ಯಾಸಗಳ ನಡುವೆ ಕಳೆದುಹೋಗುತ್ತದೆ. ಅದೇ ಗಿಡ ಹುಳ ಬೀಳುವ ಮುಂಚೆ ಹೇಗೆ ಅಲುಗುತ್ತಿತ್ತು ಎಂಬ ದಾಖಲೆ ಇದ್ದರೆ ಹೋಲಿಸಬಹುದು. ಎಕರೆಗೆ ಸಾವಿರಕ್ಕೂ ಮೇಲೆ ಇರುವ ಗಿಡಗಳಿಗೆ ಅದನ್ನು ಯಾರು ಬರೆದಿಡುತ್ತಾರೆ? ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದವರು ಹೇಳುವುದು ಇಂದಿಗೂ ಟ್ರೇಸಿಂಗ್. ದುಂಬಿ ಹಾರುವ ಕಾಲಕ್ಕೆ ಮುಂಚೆ ಸಾಲು ಸಾಲು ನಡೆದು, ಕಾಂಡದ ಮೇಲೆ ಉಬ್ಬಿದ ಗೆರೆ ಹುಡುಕಿ, ಹಿಡಿದ ಗಿಡವನ್ನು ಕಿತ್ತು ಸುಡುವುದು. ಟ್ರೇಸಿಂಗಿಗೆ ಬರುವ ಹೆಂಗಸರು ಕಾಂಡವನ್ನು ಅಲುಗಿಸುವುದಕ್ಕಿಂತ ಹೆಚ್ಚಾಗಿ ಅಂಗೈಯಿಂದ ಸವರುತ್ತಾರೆ. ಉಬ್ಬು ಕಣ್ಣಿಗಿಂತ ಮೊದಲು ಕೈಗೆ ಸಿಗುತ್ತದಂತೆ.

ನಾನಂತೂ ಮನೆ ಮುಂದಿನ ಸಿಲ್ವರ್ ಓಕಿನಿಂದ ಶುರು ಮಾಡಿದ್ದೇನೆ. ಹೋದ ಮೇ ತಿಂಗಳಲ್ಲಿ ಮರಗಸಿಗೆ ಮುಂಚೆ ಒಂದು, ಆದ ಮೇಲೆ ಒಂದು ವಿಡಿಯೊ ತೆಗೆದೆ. ಎರಡನ್ನೂ ಫೋನನ್ನು ಕೈಯಲ್ಲಿ ಹಿಡಿದೇ ತೆಗೆದದ್ದು. ಕಂಪ್ಯೂಟರಿಗೆ ಹಾಕಿ ನೋಡಿದರೆ ಮರಕ್ಕಿಂತ ನನ್ನ ಕೈಯೇ ಹೆಚ್ಚು ಅಲುಗಿತ್ತು. ಈ ವರ್ಷ ಫೋನನ್ನು ಜಗಲಿಯ ಕಂಬಕ್ಕೆ ಹಗ್ಗದಲ್ಲಿ ಬಿಗಿದು ಕಟ್ಟಬೇಕು.